ಬಾಗಿಲಿಗೊಂದು ಹಸಿರು ಹಾರ

“ಕತ್ತರಿ ಕೆಳಗಿಡ್ರಿ! ಆ ಕೈಲೆ ಟೊಂಗಿ ಕಡೀಬ್ಯಾಡ್ರಿ!”

ಪ್ರೇಮಕುಮಾರ ಗೇಟಿನಿಂದಲೇ ಕೂಗಿದ. ಬೇವಿನ ಗಿಡದ ಕೆಳಗಿದ್ದ ಕಸ್ತೂರಿ ತಿರುಗಿ, ಎಡಗೈಯಲ್ಲಿದ್ದ ಕತ್ತರಿಯನ್ನು ಎತ್ತಿ ತೋರಿಸಿ ನಕ್ಕಳು.

“ಬೈಯೂಕಿಂತ ಮೊದಲ ಯಾವ ಕೈ ಅಂತ ನೋಡ್ರಿ, ಡಾಕ್ಟರ.”

ಇಳಕಲ್ಲಿನ ಆ ಮನೆಗೆ ಅವನು ಬರುವುದು ಅಂದಿಗೆ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಹುನಗುಂದದ ದಾರಿಯಲ್ಲಿ ಸ್ಕೂಟಿ ಜಾರಿ ಅವಳ ಬಲ ಮುಂಗೈ ಮುರಿದಿತ್ತು. ಎಲುಬು ಕೂಡಿದರೂ ಬೆರಳು ಮಡಚುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಚಾಕ್‌ಪೀಸ್ ಹಿಡಿಯಲಾಗದೆ ಕೋಣೆ ಸೇರಿಬಿಟ್ಟಿದ್ದಳು. ಫಿಸಿಯೋಥೆರಪಿಸ್ಟ್ ಪ್ರೇಮಕುಮಾರ ಸಂಜೆ ಸಂಜೆ ಬಂದು, ತಾನೇ ಜೋಕು ಹೇಳಿ ತಾನೇ ನಗುತ್ತ, ಒಂದೊಂದೇ ಬೆರಳನ್ನು ಪಳಗಿಸಿದ್ದ.

“ಇಷ್ಟು ಹಸಿರು ಯಾಕ್ರಿ?”

“ನಿಮ್ಮ ಮನಿ ಬಾಗಲಕ್ಕ.”

ಅವನು ಒಂದು ಟೊಂಗೆಯನ್ನು ಕೈಗೆತ್ತಿಕೊಂಡ. ಗುಳೇದಗುಡ್ಡದ ತಮ್ಮ ಮನೆ ಬಾಗಿಲಿಗೆ ಪ್ರತಿ ಕ್ರಿಸ್‌ಮಸ್‌ಗೂ ಅವ್ವ ಹಿತ್ತಲಿನ ಎಲೆಗಳಿಂದಲೇ ದುಂಡನೆಯ ಹಾರ ಕಟ್ಟುತ್ತಿದ್ದಳೆಂದು ಒಮ್ಮೆ ಇವಳಿಗೆ ಹೇಳಿದ್ದ. ಬೇಸಿಗೆಯಲ್ಲಿ ಅವ್ವ ತೀರಿಕೊಂಡಿದ್ದಳು. ಈ ವರ್ಷ ಬಾಗಿಲಿಗೆ ಏನೂ ಬೇಡವೆಂದು ಅಪ್ಪ ಹೇಳಿಬಿಟ್ಟಿದ್ದರು.

ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಅವನು ಮಲ್ಲಿಗೆ ಬಳ್ಳಿಯನ್ನು ಬಗ್ಗಿಸಿ ದುಂಡಗೆ ಹಿಡಿದ. ಅವಳು ಬೇವು, ಮರುಗ, ಲಿಂಬೆಯ ಟಿಸಿಲುಗಳನ್ನು ಒತ್ತಾಗಿ ಜೋಡಿಸಿ ಕೆಂಪು ರೇಷ್ಮೆ ದಾರ ಸುತ್ತತೊಡಗಿದಳು. ಈಗ ಬಲಗೈಯಿಂದಲೇ.

ಗಂಟು ಜಾರಿತು. ಮತ್ತೆ ಜಾರಿತು. ಅವನ ಬೆರಳು ನೆರವಿಗೆ ಬಂತು.

“ಕೈ ಹಿಂದ ತೊಗೊಳ್ರಿ,” ಅವಳು ಕಣ್ಣೆತ್ತದೆ ಅಂದಳು. “ಇದು ನಾನ ಕಟ್ಟಬೇಕು.”

ಹೆಬ್ಬೆರಳು ನಡುಗಿತು. ಅವಳು ತುಟಿ ಕಚ್ಚಿದಳು. ಅವಳ ಹಣೆಗಿಳಿದ ಕೂದಲನ್ನು ಸರಿಸಬೇಕೆನಿಸಿ ಅವನು ಬಳ್ಳಿಯನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಗಂಟು ನಿಂತಿತು.

ಹಾರ ತುಸು ಸೊಟ್ಟಗೇ ಆಯಿತು. ನೋಡುತ್ತ ಕುಳಿತ ಪ್ರೇಮಕುಮಾರನ ಕಣ್ಣು ತುಂಬಿದವು.

“ಭಾಳ ಉಪಕಾರ ಆತ್ರಿ. ಆದ್ರ ನಾ ಮಾಡಿದ್ದು ನನ್ನ ಕೆಲಸ. ಋಣ ತೀರಸಾಕ ಇಷ್ಟು ತ್ರಾಸ ತೊಗೋಬಾರದಿತ್ತು.”

“ಋಣ ತೀರಸೂದಿದ್ರ ಅಮೀನಗಡದ ಕರದಂಟು ಕೊಡ್ತಿದ್ದೆ!” ಕಸ್ತೂರಿಗೆ ಸಿಟ್ಟೇ ಬಂತು. “ಲಿಂಬಿ ಮುಳ್ಳು ಚುಚ್ಚಿಸ್ಕೊಂತಿದ್ನೇನು?”

“ಮತ್ತ?”

“ಕೈ ನೆಟ್ಟಗಾತಂತ ದೇವರಿಗೆ ಕೈ ಮುಗಿದೆ. ನಾಳಿಂದ ನೀವು ಬರೂದಿಲ್ಲಂತ ನೆನಪಾಗಿ ಅತ್ತೆ. ಇನ್ನೂ ಬಿಡಿಸಿ ಹೇಳಬೇಕೇನು?”

ಅವನ ದನಿ ತಗ್ಗಿತು. “ನಾ ಬರೂದು ಹೋದ ವಾರನ ಮುಗೀಬೇಕಿತ್ತು. ಕಿರುಬೆರಳು ಇನ್ನೂ ಬಿರುಸೈತಿ ಅಂತ ಸುಳ್ಳ ಹೇಳಿದೆ.”

ಹೊಸ್ತಿಲಲ್ಲಿ ಕಪ್ಪು-ಬಸಿ ಸದ್ದಾಯಿತು. ಕಸ್ತೂರಿಯ ತಾಯಿ ಇಂದ್ರಾಬಾಯಿ ಚಹಾ ಹಿಡಿದು ನಿಂತಿದ್ದರು. ಹಣೆಯ ಮೇಲೆ ಸಂಜೆಯ ಪೂಜೆಯ ವಿಭೂತಿ. ಎಷ್ಟು ಕೇಳಿಸಿಕೊಂಡರೋ! ಜಾತಿ, ಧರ್ಮ, ಊರವರ ಬಾಯಿ ಎಲ್ಲವೂ ನೆನಪಾಗಿ ಕಸ್ತೂರಿ ಕಟ್ಟೆಯಿಂದ ಎದ್ದು ನಿಂತಳು.

ಇಂದ್ರಾಬಾಯಿ ಚಹಾ ಕೆಳಗಿಟ್ಟು ಹಾರದ ಮೇಲೆ ಮೆಲ್ಲಗೆ ಕೈಯಾಡಿಸಿದರು.

“ಮಂದಿ ಮಾತಾಡ್ತಾರ, ಗೊತ್ತೈತಿ. ಆದ್ರ ನನ್ನ ಮಗಳು ಗ್ವಾಡಿ ಕಡೆ ಮುಖ ಮಾಡಿ ಮಲಗಿದಾಗ ನಗಿಸಾಕ ಯಾವ ಮಂದಿನೂ ಬರಲಿಲ್ಲ. ಹಬ್ಬಕ್ಕ ನಾವೂ ಗುಳೇದಗುಡ್ಡಕ್ಕ ಬರ್ತೇವಿ. ನಿಮ್ಮ ಅಪ್ಪಾರ ಜೋಡಿ ಮಾತಾಡೂದೈತಿ. ಮನ್ಯಾಗ ಇರ್ತಾರಿಲ್ಲ?”

“ಇರ್ತಾರ್ರಿ, ಅತ್ತಿಯವರ!” ಎಂದುಬಿಟ್ಟ ಪ್ರೇಮಕುಮಾರ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

ಇಂದ್ರಾಬಾಯಿ ಗದರಲಿಲ್ಲ. “ಚಹಾ ಆರತೈತಿ, ಕುಡೀರಿ,” ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದರು.