ಕೋವಿಗೆ ಕಣ್ಣು, ಕೋಳಿಗೆ ಹೆಣ್ಣು

ಬಹಳ ಹಿಂದೆ, ಕೋವಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಕಣಿಗಿಲೆ ಸೀಮೆ ಎಂಬ ಒಂದು ರಾಜ್ಯವಿತ್ತು. ಅದನ್ನು ಬೆಟ್ಟದರಾಜ ಆಳುತ್ತಿದ್ದ. ಬೆಟ್ಟದರಾಜನನ್ನು ಅವನ ರಾಣಿ ಹೊನ್ನಾಜಮ್ಮಣ್ಣಿ ಆಳುತ್ತಿದ್ದಳು. ಹಾಗಾಗಿ ರಾಜ್ಯ ಸುಭಿಕ್ಷವಾಗಿತ್ತು.

ಕೆರೆಯಾಚೆ ತುತ್ತುಭೈರನೆಂಬ ಮಾಂತ್ರಿಕನಿದ್ದ. ಅಡುಗೆಗೆ ಬೇಕಾದ್ದನ್ನು ಅವನು ಸಂತೆಯಿಂದ ತರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನೇ ಬೇಕಾದ್ದನ್ನಾಗಿ ಮಾಡಿಕೊಳ್ಳುತ್ತಿದ್ದ. ಸುಂಕದ ಅಧಿಕಾರಿ ಕುಂಬಳಕಾಯಿಯಾದ. ಆಸ್ಥಾನದ ಕವಿ ನುಗ್ಗೆಕಾಯಿಯಾದ. ಭೈರ ಕವಿಯನ್ನು ಹಿಸುಕಿ ನೋಡಿ, "ತಿರುಳೇ ಇಲ್ಲ" ಎಂದು ಅಟ್ಟಕ್ಕೆ ಎಸೆದ. ಎಲ್ಲವೂ ಅಮಾವಾಸ್ಯೆಯ ಔತಣಕ್ಕೆಂದು ಅಲ್ಲೇ ಬಿದ್ದಿದ್ದವು.

ಒಂದು ಸಂಜೆ ಗಾಳಿ ಸೇವನೆಗೆ ಹೋದ ರಾಜ ಹುಂಜವಾಗಿ ಮನೆಗೆ ಬಂದ. ಹಿಂದೆಯೇ ಭೈರನ ಮಾತೂ ಬಂತು: "ಅಮಾವಾಸ್ಯೆಗೆ ನಿಮ್ಮಲ್ಲೇ ಊಟ. ಸಾರಿಗೆ ಖಾರ ಮುಂದಾಗಿರಲಿ." ಸಿಟ್ಟಿಗೆ ಹೆಸರಾದ ರಾಣಿ ಅವತ್ತು ಸಿಟ್ಟಾಗಲಿಲ್ಲ. ಹುಂಜವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವಳಿಗೆ ಆ ಗಂಡನೇ ಬೇಕಿತ್ತು, ಸಾರಲ್ಲ.

ಭೈರನ ಮಾಯೆಯ ಜೀವ ಎಲ್ಲಿದೆಯೆಂಬುದು ಗುಟ್ಟೇನಲ್ಲ. ಅವನೇ ಊರಿಗೆಲ್ಲ ಹೇಳಿಕೊಂಡಿದ್ದ. ಕೆರೆಯಾಚೆಯ ತಾಳೆಮರದ ತುದಿಯಲ್ಲಿ ತೂಗುವ ಮಣ್ಣಿನ ಕುಡಿಕೆಯಲ್ಲಿತ್ತು ಅದು. ಬಾಣ ಅಷ್ಟು ದೂರ ಹೋಗದು. ಮರ ಹತ್ತಿದವರು ಹಲ್ಲಿಯಾಗಿ ಇಳಿಯುತ್ತಿದ್ದರು. ಅರಮನೆಯ ಹಳೆಯ ಕೋವಿ ಸಿಡಿಲಜ್ಜಿಗೆ ಮಾತ್ರ ಅಲ್ಲಿಗೆ ಮುಟ್ಟುವ ಶಕ್ತಿಯಿತ್ತು. ಮಂತ್ರಿಸಿದ ಮೂರು ಗುಂಡುಗಳೂ ಇದ್ದವು. ಇಲ್ಲದ್ದು ಹಿಂಗಣ್ಣು ಒಂದೇ. ಕೋವಿಯ ಮೂತಿಯ ಮೇಲೆ ಒಂದು ಮೊಳೆ ಇರುತ್ತದೆ, ಹಿಂದುಗಡೆ ನಳಿಗೆಯ ಬೆನ್ನಿನ ಮೇಲೆ ಒಂದು ಕಣ್ಣು. ಕಣ್ಣಿನ ನಡುವೆ ಮೊಳೆ, ಮೊಳೆಯ ತುದಿಗೆ ಗುರಿ ಕೂತರೆ ಏಟು ತಪ್ಪದು. ಆ ಕಣ್ಣನ್ನು ರಾಜ ಹಿಂದೊಮ್ಮೆ ಬೆನ್ನು ಕೆರೆದುಕೊಳ್ಳಲು ಕಿತ್ತು, ಎಲ್ಲೋ ಇಟ್ಟು ಮರೆತಿದ್ದ.

ತಪ್ಪು ನೆನಪಾಗಿ ಹುಂಜ ಬೆಳಗಾಗುತ್ತಲೇ ಮಾಡು ಹತ್ತಿ, "ಕೋವಿಗೆ ಕಣ್ಣು ತನ್ನಿ" ಎಂದು ಕೂಗಿತು. ಕೋಳಿಯ ಗಂಟಲಲ್ಲಿ ಅಕ್ಷರ ಹೊರಳುವುದು ಕಷ್ಟ. ಪ್ರಧಾನಿ ವೆಂಕಪಯ್ಯನಿಗೆ ಕಿವಿ ಬೇರೆ ಮಂದ. ಅವನಿಗೆ ಕೇಳಿಸಿದ್ದು "ಕೋಳಿಗೆ ಹೆಣ್ಣು ತನ್ನಿ" ಎಂದು.

ಮಧ್ಯಾಹ್ನದ ಹೊತ್ತಿಗೆ ಪ್ರಧಾನಿ ಓಲಗ ಊದಿಸಿಕೊಂಡು ಬಂದ. ಪಲ್ಲಕ್ಕಿಯಲ್ಲಿ ಒಂದು ಹೇಂಟೆ ಕೂತಿತ್ತು. ಕೊರಳಿಗೆ ಮಲ್ಲಿಗೆ, ಕಾಲಿಗೆ ಗೆಜ್ಜೆ.

"ಏನಿದು, ಪ್ರಧಾನಿಗಳೇ?" ಎಂದಳು ರಾಣಿ.

"ಹೆಣ್ಣು, ತಾಯಿ. ಒಳ್ಳೆ ಮನೆತನ. ದಿನಾ ಮೊಟ್ಟೆ ಇಡ್ತಾಳಂತೆ."

ರಾಣಿ ನಿಧಾನವಾಗಿ ಹುಂಜದ ಕಡೆ ತಿರುಗಿದಳು. "ಇದಕ್ಕೆ ತಾವೂ ಒಪ್ಪಿದ್ದೀರೋ?"

ಹುಂಜ ಮಂಚದಡಿಗೆ ಓಡಿತು. ಅಲ್ಲಿಂದಲೇ ಒಂದೊಂದು ಅಕ್ಷರ ಬಿಡಿಸಿ ಹೇಳಿದ ಮೇಲೆ ವಿಷಯ ತಿಳಿಯಿತು. ಹೇಂಟೆಯನ್ನು ಮರ್ಯಾದೆಯಾಗಿ ತವರಿಗೆ ಕಳಿಸಿ, ರಾಣಿ ಸಿಡಿಲಜ್ಜಿಯನ್ನು ಹೆಗಲಿಗೇರಿಸಿ ಕಣ್ಣಿನ ಸಂತೆಗೆ ಹೊರಟಳು.

ಆ ಸಂತೆ ಮೋಡದ ಮೇಲೆ ನೆರೆಯುತ್ತದೆ. ಏಣಿ ಹಾಕಿಕೊಂಡು ಹೋಗಬೇಕು. ಮಾರುವವಳು ಗೂಬೆ. ಅವಳಿಗೆ ಹಣ ಬೇಡ, ಆಕಳಿಕೆ ಬೇಕು. ಪಾಪ, ಹಗಲಲ್ಲಿ ನಿದ್ದೆ ಬಾರದೆ ಒದ್ದಾಡುತ್ತಿದ್ದಳು.

"ನನ್ನ ಕಾಲದಲ್ಲಿ ಕಬ್ಬಿಣ ಹಾಕಿ ಸಾಗಹಾಕಿದ್ರು. ಈ ಸಲ ಚಿನ್ನವೇ ಆಗ್ಬೇಕು ಕಣೇ," ಎಂದಳು ಸಿಡಿಲಜ್ಜಿ.

ಅಲ್ಲೊಂದು ಚಿನ್ನದ ಕಣ್ಣು "ನನ್ನನ್ನೇ ನೋಡಿ" ಎಂದು ಮಿಂಚುತ್ತಿತ್ತು. ರಾಣಿಯ ಮನಸ್ಸು ಮಾತ್ರ ಗಾಜಿನ ಕಣ್ಣಿನ ಮೇಲೆ ಬಿತ್ತು. ಅದು "ನನ್ನೊಳಗೆ ನೋಡಿ" ಎಂದಿತು. ನೋಡಿದರೆ ಇರುವೆ ಎಮ್ಮೆಯಷ್ಟು ಕಂಡಿತು. ರಾಣಿ ಬಾಯ್ತುಂಬ ಎರಡು ಸಲ ಆಕಳಿಸಿ ಎರಡನ್ನೂ ಕೊಂಡು, "ಕೊಸರು?" ಎಂದಳು. ರಾಣಿಯಾದರೇನು, ಕೊಸರು ಕೇಳದೆ ಸಂತೆಯಿಂದ ಏಳುವುದುಂಟೆ. ಗೂಬೆ ಗೊಣಗುತ್ತ ಬುಟ್ಟಿಯ ತಳದಿಂದ ಕಪ್ಪು ಕಬ್ಬಿಣದ ಒಂದು ತುಂಡು ತೆಗೆದುಕೊಟ್ಟಳು. ಅದರ ನೆತ್ತಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು, ಅಷ್ಟೇ. ಅದು ಏನೂ ಹೇಳಲಿಲ್ಲ.

ಮೊದಲು ಚಿನ್ನದ ಕಣ್ಣನ್ನು ಅರಗು ಕಾಯಿಸಿ ಅಂಟಿಸಿದರು. ರಾಣಿ ಮಾಳಿಗೆಯ ಮೇಲೆ ನಿಂತು ಗುರಿ ಹಿಡಿದಳು. ಬಿಸಿಲಿಗೆ ಚಿನ್ನ ಹೊಳೆದು ಕುಡಿಕೆಯೂ ಕಾಣಲಿಲ್ಲ, ತಾಳೆಮರವೂ ಕಾಣಲಿಲ್ಲ. ಅದೇ ಬಿಸಿಲಿಗೆ ಅರಗು ಮೆತ್ತಗಾಗಿ ಕಣ್ಣು ಪಕ್ಕಕ್ಕೆ ಜಾರಿತು. ಗುಂಡು ಅರಮನೆಯದೇ ಗೋಪುರದ ಕಳಸವನ್ನು ಉರುಳಿಸಿತು. ಸಿಡಿಲಜ್ಜಿ ಹೊಗೆ ಕೆಮ್ಮಿ, ಚಿನ್ನವನ್ನು ತಾನೇ ಕೊಡವಿ ಬೀಳಿಸಿದಳು.

ಆಮೇಲೆ ಗಾಜಿನ ಕಣ್ಣನ್ನು ರೇಷ್ಮೆ ದಾರದಲ್ಲಿ ಬಿಗಿದು ಗಂಟು ಹಾಕಿದರು. ಕುಡಿಕೆ ಕಣಜದಷ್ಟು ದೊಡ್ಡದಾಗಿ ಕಂಡಿತು. ಆದರೆ ಕೋವಿ ಚೂರು ಅಲುಗಿದರೆ ಕಣಜ ಊರೆಲ್ಲ ಸುತ್ತುತ್ತಿತ್ತು, ದಾರ ಬೇರೆ ಸಡಿಲವಾಗಿ ಕಣ್ಣು ಓರೆಯಾಯಿತು. ಗುಂಡು ಹೋಗಿ ಭೈರನ ಪಾಯಸದ ಕೊಪ್ಪರಿಗೆಗೆ ಬಡಿಯಿತು.

ಬಿಸಿ ಪಾಯಸ ಮೈಮೇಲೆ ಬಿದ್ದವನು ಸುಮ್ಮನಿರುತ್ತಾನೆಯೇ? ಭೈರ ಹಾರಿ ಬಂದು ಹುಂಜವನ್ನು ಹೊತ್ತೊಯ್ದು, ತಾಳೆಮರದ ತುದಿಯಲ್ಲಿ ಕುಡಿಕೆಯ ಹಗ್ಗಕ್ಕೇ ಕಟ್ಟಿದ. "ಅಮಾವಾಸ್ಯೆವರೆಗೆ ಯಾಕೆ ಕಾಯಲಿ? ಸಂಜೆಗೇ ಸಾರು. ಧೈರ್ಯವಿದ್ದರೆ ಹೊಡಿ ನೋಡೋಣ," ಎಂದು ಕೂಗಿ ಮರದಡಿಯಲ್ಲಿ ಒಲೆ ಹೂಡಿದ.

ಉಳಿದದ್ದು ಒಂದೇ ಗುಂಡು. ಒಂದು ಬೆರಳು ತಪ್ಪಿದರೆ ಗಂಡ ಹೋದ. ರಾಣಿ ಕೊಸರಿಗೆ ಸಿಕ್ಕಿದ ತುಂಡನ್ನು ಕೈಗೆತ್ತಿಕೊಂಡಳು.

ಆಗ ಕಬ್ಬಿಣದ ಕಣ್ಣು ಮೊದಲ ಸಲ ಬಾಯಿ ತೆರೆಯಿತು. "ನನ್ನನ್ನು ನೋಡಬೇಡಿ ತಾಯಿ, ನನ್ನೊಳಗೂ ಏನಿಲ್ಲ. ನನ್ನ ಕಚ್ಚಿನಿಂದಾಚೆ ನೋಡಿ. ಆದರೆ ನನಗೆ ಅಂಟೂ ಬೇಡ, ಗಂಟೂ ಬೇಡ. ಒಂದು ಮನೆ ಮಾಡಿಕೊಡಿ."

ಸಿಡಿಲಜ್ಜಿಯ ಬೆನ್ನಿಗೆ ಅಡ್ಡಲಾಗಿ ರಾಣಿ ಅರದಿಂದ ಸಣ್ಣ ಕಾಲುವೆಯಂಥ ಒಂದು ಜಾಡು ಕೊರೆದಳು. ತಳ ಅಗಲ, ಬಾಯಿ ಕಿರಿದು. "ಅಯ್ಯೋ, ಕಚಗುಳಿ ಕಣೇ," ಎಂದು ಅಜ್ಜಿ ಹೊರಳಾಡಿದಳು. ಕಣ್ಣನ್ನು ಪಕ್ಕದಿಂದ ತೂರಿಸಿ, ತಾಮ್ರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ನಡುವೆ ಕೂರಿಸಿದಳು. ಬೆರಳಲ್ಲಿ ತಳ್ಳಿದರೆ ಅದು ಅಲುಗಲಿಲ್ಲ.

ಮಂತ್ರವಿಲ್ಲದ ಗುಂಡು ಹಾಕಿ ಹಿತ್ತಲ ಗೋಡೆಯ ಸುಣ್ಣದ ಬೊಟ್ಟಿಗೆ ಹೊಡೆದು ನೋಡಿದಳು. ಏಟು ಬಲಕ್ಕೆ ಬಿತ್ತು. ರಾಣಿ ಕಣ್ಣನ್ನು ಬಲಕ್ಕೇ ಬಡಿದಳು. ಮುಂದಿನ ಏಟು ಇನ್ನೂ ಬಲಕ್ಕೆ ಹೋಗಿ ಪ್ರಧಾನಿಯ ಛತ್ರಿ ತೂತಾಯಿತು.

"ಏಟು ಎತ್ತ ಹೋಗಬೇಕೋ ನನ್ನನ್ನೂ ಅತ್ತಲೇ ಸರಿಸಿ, ತಾಯಿ," ಎಂದಿತು ಕಣ್ಣು.

ರಾಣಿ ಎಡಕ್ಕೆ ಬಡಿದಳು. ಬೊಟ್ಟು ಪುಡಿಯಾಯಿತು.

ಮತ್ತೆ ಮಾಳಿಗೆ ಹತ್ತಿದಾಗ ಭೈರನ ಎಸರು ಕುದಿಯುತ್ತಿತ್ತು. ರಾಣಿ ಕೋವಿ ಎತ್ತಿದಳು. ಆಗಲೇ ಕೆರೆಯ ಮೇಲಿಂದ ಹುಂಜದ ಕೂಗು ಕೇಳಿತು: "ಎಡಕ್ಕೆ, ಇನ್ನೂ ಎಡಕ್ಕೆ ಸರಿಸು. ನನಗೆ ಇಲ್ಲಿಂದ ಚೆನ್ನಾಗಿ ಕಾಣ್ತಿದೆ."

"ಎಡಕ್ಕೆ ಅಂತ ಅಪ್ಪಣೆಯಾಗಿದೆ, ತಾಯಿ," ಎಂದು ವೆಂಕಪಯ್ಯ ಸುತ್ತಿಗೆ ಚಾಚಿದ. ದೇವರ ದಯೆ, ಈ ಸಲ ಅವನಿಗೆ ಸರಿಯಾಗಿಯೇ ಕೇಳಿಸಿತ್ತು.

ರಾಣಿ ಸುತ್ತಿಗೆ ತೆಗೆದುಕೊಂಡಳು. ಗಂಡನ ಜೀವ, ಗಂಡನದೇ ಮಾತು. ಅದನ್ನು ಮೀರಿ ಹೊಡೆದು ತಪ್ಪಿದರೆ ಜನ್ಮಪೂರ್ತಿ ತನ್ನನ್ನು ತಾನು ಕ್ಷಮಿಸಲಾರಳು. ಅವಳ ಕಣ್ಣು ತುಂಬಿತು. ಬೆರಳಿಟ್ಟು ಕಬ್ಬಿಣದ ಕಣ್ಣನ್ನು ಇನ್ನೊಮ್ಮೆ ತಳ್ಳಿದಳು. ಅದು ಕೂತಲ್ಲೇ ಕೂತಿತ್ತು. ಅವನು ಅಲ್ಲಿಂದ ನೋಡುತ್ತಿದ್ದಾನೆ, ನಾನು ಇಲ್ಲಿಂದ. ಅವನ ಎಡ ನನಗೆ ಬಲ, ಬೊಟ್ಟು ಪುಡಿಮಾಡಿದ ಕಣ್ಣನ್ನು ಎತ್ತಲೂ ಸರಿಸಬೇಕಿಲ್ಲ ಎಂದು ಹೊಳೆಯಿತು. ಸುತ್ತಿಗೆಯನ್ನು ಕೆಳಗಿಟ್ಟು, ಉಸಿರು ಹಿಡಿದು ಹೊಡೆದಳು.

ಕುಡಿಕೆ ಚೂರುಚೂರಾಯಿತು. ಅಟ್ಟದಿಂದ ಅಧಿಕಾರಿಯೂ ಕವಿಯೂ ಮನುಷ್ಯರಾಗಿ ದುಡುದುಡನೆ ಬಿದ್ದರು. ಭೈರನ ಮಾಯೆಯೆಲ್ಲ ಇಳಿದು ಬರೀ ಹಸಿವು ಉಳಿಯಿತು. ಅವನನ್ನು ಅರಮನೆಯ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯಲು ಕೂರಿಸಿದರು. ಬೆಟ್ಟದರಾಜ ಮರದ ತುದಿಯಿಂದ ಕೆರೆಗೆ ಬಿದ್ದು, ಈಜಿ ದಡಕ್ಕೆ ಬಂದ. ರಾಣಿ ಓಡಿಹೋಗಿ ಸೆರಗಿನಲ್ಲಿ ಅವನ ತಲೆ ಒರೆಸತೊಡಗಿದಳು.

"ನಾನು ಹೇಳಿದ ಹಾಗೆ ಎಡಕ್ಕೆ ಸರಿಸಿದೆ ತಾನೆ?" ಎಂದ ರಾಜ, ಹಲ್ಲು ಕಟಕಟಿಸುತ್ತ.

ಸಿಡಿಲಜ್ಜಿ ನಿಜ ಹೇಳಲು ಬಾಯಿ ತೆರೆದಳು. ರಾಣಿ ಕರವಸ್ತ್ರವನ್ನು ಮುದುಡಿ ಅವಳ ಮೂತಿಗೆ ತುರುಕಿದಳು.

"ಹೂಂ," ಎಂದಳು ಹೊನ್ನಾಜಮ್ಮಣ್ಣಿ, "ನೀವು ಹೇಳಿದ ಹಾಗೇ ಮಾಡಿದೆ."

ಅಂದಿನಿಂದ ಕಣಿಗಿಲೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ. ರಾಜ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಸುಖವಾಗಿದ್ದಾನೆ, ಯಾಕೆಂದರೆ ಅವನಿಗೆ ಯಾರೂ ಇನ್ನೂ ನಿಜ ಹೇಳಿಲ್ಲ.