ಹಾಳಾಗಲಿ ಎಂದು ಸುತ್ತಿದ್ದು

“ಈ ರ್ಯಾಮನ್ನ ಹೀಗೆ ಸುತ್ತಿದ್ದು ಯಾರು?” ಕಂಪ್ಯೂಟರಿನ ಆ ಪುಟ್ಟ ಮೆಮೊರಿ ಪಟ್ಟಿಯನ್ನು ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ ಕೇಳಿದ.

“ನಾನೇ ಮೇಷ್ಟ್ರೇ.”

ಅವನು ಮೇಷ್ಟ್ರೇನಲ್ಲ, ಕಂಪ್ಯೂಟರ್ ರಿಪೇರಿಯವನು. ಒಂದು ಸ್ಕ್ರೂ ಬಿಚ್ಚಿದರೂ ಪಾಠ ಮಾಡುತ್ತಾನೆಂದು ಆ ಹೆಸರು ಇಟ್ಟವಳು ನಾನು. ಮದುವೆ ಆಲ್ಬಂ ಡಿಸೈನ್ ಮಾಡುವ ನಾನು ಅವನಿಗೆ ಆಲ್ಬಂ ಮೇಡಂ. ಫ್ಯಾನ್ ಸದ್ದು ಮಾಡುತ್ತೆ, ಸ್ಲೋ ಆಗಿದೆ, ಏನೋ ವಾಸನೆ ಬರುತ್ತೆ ಎಂದು ಇಲ್ಲದ ಕಾಯಿಲೆ ಹೇಳಿಕೊಂಡು ಅವನ ಅಂಗಡಿಗೆ ಎಡತಾಕಿದ್ದಕ್ಕೆ ಲೆಕ್ಕವಿಲ್ಲ. ಅವನೂ ಇಲ್ಲದ ಕಾಯಿಲೆಗೆ ಶ್ರದ್ಧೆಯಿಂದ ಔಷಧಿ ಮಾಡುತ್ತಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಅಕ್ಕ ತೀರಿಕೊಂಡಳು. ಅವಳ ಮಗು ನಮ್ಮ ಮನೆಗೆ ಬಂತು. ಮಗುವಿಗೆ ತಾಯಿ ಬೇಕು, ಭಾವನಿಗೆ ಹೆಂಡತಿ ಬೇಕು ಎಂದು ಹಿರಿಯರು ಕೂತು ಮಾತಾಡಿ ಮುಗಿಸಿದರು. ಬೇಡ ಅನ್ನಬಹುದಿತ್ತು. ಆದರೆ ಆ ಮಗು ಕುತ್ತಿಗೆ ತಬ್ಬಿದರೆ ಬಿಡಿಸಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ.

ನನ್ನ ಕಂಪ್ಯೂಟರೂ ಸೇರಿ ಸಾಮಾನೆಲ್ಲ ಟೆಂಪೊದಲ್ಲಿ ಭಾವನ ಊರಿಗೆ ಹೋಗಬೇಕು. “ಕೂಲರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಭಾರ. ಹಾಗೇ ಕಳಿಸಿದ್ರೆ ರಸ್ತೇಲಿ ಒಂದು ಗುಂಡಿ ಸಿಕ್ಕಿದ್ರೂ ಬೋರ್ಡೇ ಸೀಳುತ್ತೆ. ಬಿಚ್ಚಿ ಪ್ಯಾಕ್ ಮಾಡ್ಕೊಡ್ತೀನಿ” ಎಂದು ಮೇಷ್ಟ್ರು ತಾನಾಗಿಯೇ ಮನೆಗೆ ಬಂದಿದ್ದ.

“ಬಟ್ಟೆ ಅಂಗಡಿ ಕವರ್‌ನಲ್ಲಾ ಸುತ್ತೋದು? ಈ ಪ್ಲಾಸ್ಟಿಕ್ ಉಜ್ಜಿದ್ರೆ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತೆ. ಕಣ್ಣಿಗೆ ಕಾಣಲ್ಲ, ಒಳಗೊಳಗೇ ಚಿಪ್ ಸುಡುತ್ತೆ. ಎಷ್ಟು ಸಲ ಹೇಳಿದೀನಿ ಮೇಡಂ!”

“ತಲೆ ಚಿಟ್ಟು ಹಿಡಿಯೋಷ್ಟು ಸಲ.”

ಅವನು ನಗಲಿಲ್ಲ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಮೈಯಲ್ಲಿದ್ದ ಸ್ಟ್ಯಾಟಿಕ್ ಕಳೆದುಕೊಂಡು, ರ್ಯಾಮನ್ನು ಅಂಚಿನಲ್ಲಿ ಹಿಡಿದು ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಕವರಿಗೆ ಇಳಿಸಿದ. ಹಾರ್ಡ್ ಡಿಸ್ಕನ್ನು ಸ್ಪಂಜಿನ ನಡುವೆ ಇಡುವಾಗ ಉಸಿರು ಬಿಗಿಹಿಡಿದ. ಆ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಈ ಕಾಳಜಿಯಲ್ಲಿ ಒಂದು ಚೂರು ನನ್ನ ಮೇಲಿದ್ದಿದ್ದರೆ ‘ಹೋಗಬೇಡ’ ಅನ್ನುತ್ತಿರಲಿಲ್ಲವೇ ಎಂದು ಹೊಟ್ಟೆ ಉರಿಯಿತು.

“ಆಯ್ತು, ಇನ್ನು ಯಾವುದೂ ಹಾಳಾಗಲ್ಲ.”

“ಹಾಳಾಗ್ಲಿ ಅಂತಾನೇ ಹಾಗೆ ಸುತ್ತಿದ್ದು.”

ಟೇಪು ಎಳೆಯುತ್ತಿದ್ದ ಕೈ ನಿಂತಿತು. “ಏನಂದ್ರಿ?”

“ಅಲ್ಲಿಗೆ ಹೋದ್ಮೇಲೆ ಸುಮ್‌ಸುಮ್ನೆ ನಿಮಗೆ ಫೋನ್ ಮಾಡೋ ಹಾಗಿರಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂತ ಮಾಡಬಹುದು. ಆದ್ರೆ ಆ ಮನೇಲಿ ಕೂತು ಸುಳ್ಳು ಹೇಳೋಕೆ ನನ್ನಿಂದಾಗಲ್ಲ ಮೇಷ್ಟ್ರೇ. ನಿಜವಾಗ್ಲೂ ಕೆಡಬೇಕು.”

ಇಷ್ಟು ದಿನ ಕದ್ದು ಕದ್ದು ನೋಡುತ್ತಿದ್ದವನು ಈಗ ನೇರವಾಗಿ ನೋಡಿದ. ಕಣ್ಣು ತುಂಬಿತ್ತು.

“ಏನೂ ಕೆಟ್ಟಿಲ್ಲ ಅಂತ ಗೊತ್ತಿದ್ದೂ ಬಿಚ್ಚಿ ಜೋಡಿಸ್ತಿದ್ನಲ್ಲ, ಆವಾಗ್ಲೇ ಕೇಳಬೇಕಿತ್ತು.”

“ಕೇಳಿದ್ರೆ ಹೂಂ ಅಂತಿದ್ದೆ.”

“ಈಗ ಕೇಳಿದ್ರೆ?”

ಒಳಗೆ ಮಗು ಎದ್ದು “ಚಿಕ್ಕಮ್ಮಾ” ಎಂದು ಅಳತೊಡಗಿತು. “ಬಂದೆ ಕಂದಾ” ಎಂದು ಎದ್ದೆ. ಅವನಿಗೆ ಅದೇ ಉತ್ತರವಾಯಿತು.

ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಾಗ ಡಬ್ಬದ ಟೇಪು ಕಿತ್ತುಹಾಕಿದ್ದ. ರ್ಯಾಮನ್ನು ಬಟ್ಟೆ ಅಂಗಡಿ ಕವರಿನಲ್ಲಿ ಸುತ್ತಿ, ಅದನ್ನು ತನ್ನ ತೋಳಿಗೆ ಉಜ್ಜುತ್ತಾ ಕೂತಿದ್ದ. ಒಂದು ಸ್ಕ್ರೂ ಕೂಡ ಕೆಳಗೆ ಬೀಳಲು ಬಿಡದ ಮನುಷ್ಯ, ಪಾತ್ರೆ ತಿಕ್ಕುವ ಹಾಗೆ ಉಜ್ಜುತ್ತಿದ್ದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ಫೋನ್ ಹತ್ರಾನೇ ಇಟ್ಕೊಂಡಿರ್ತೀನಿ” ಎಂದು ಡಬ್ಬ ಮುಚ್ಚಿ ಹೊರಟುಹೋದ.

ಮದುವೆಯಾಯಿತು. ಭಾವನ ಮನೆಯ ಮೂಲೆಯ ಮೇಜಿನ ಮೇಲೆ ಒಂದೊಂದೇ ಭಾಗವನ್ನು ಅವನು ಹೇಳಿಕೊಟ್ಟಂತೆ ಜೋಡಿಸಿದೆ. ರ್ಯಾಮ್ ಕೊನೆಗೆ ಕೂರಿಸಿದೆ. ಕೆಟ್ಟಿರಲಿ, ದಯವಿಟ್ಟು ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತಾ ಸ್ವಿಚ್ ಒತ್ತಿದೆ.

ಫ್ಯಾನ್ ತಿರುಗಿತು. ಸ್ಕ್ರೀನ್ ಬೆಳಗಿತು. ಆಫ್ ಮಾಡಿ ಮತ್ತೆ ಹಾಕಿದೆ. ಹಾಳಾದ್ದು, ಮೊದಲಿಗಿಂತ ಬೇಗ ಶುರುವಾಯಿತು.

ಭಾವ ಬಾಗಿಲಲ್ಲಿ ನಿಂತಿದ್ದರು. ಪಾಪ, ಒಳ್ಳೆಯವರು. “ಏನಾದ್ರೂ ತೊಂದ್ರೆ ಇದ್ಯಾ? ರಿಪೇರಿಯವರಿಗೆ ಫೋನ್ ಮಾಡಬೇಕಿದ್ರೆ ಮಾಡು.”

“ಬೇಡ. ಏನೂ ಆಗಿಲ್ಲ” ಎಂದೆ. ಅಳು ಹೊರಬರುವ ಮೊದಲೇ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.