ಅಕ್ಕನ ಕೆಂಪು ಬಾಚಣಿಗೆ

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಅಂಗಡಿಯ ಮೆಟ್ಟಿಲು ಹತ್ತುವಾಗ ಪದ್ಮಾಕ್ಷಿ ಟೀಚರ ಮನಸ್ಸಿನಲ್ಲಿ ಇಡೀ ಒಂದು ಭಾಷಣ ಸಿದ್ಧವಾಗಿತ್ತು. ತೀರಿಹೋಗಿ ಮೂರು ವರ್ಷವಾದ ಅಕ್ಕ ಕಾವೇರಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಹಸಿರು ಎಣ್ಣೆಯ ಬಾಟಲಿಗೆ ಈ ಅಂಗಡಿಯ ಚೀಟಿ ಅಂಟಿತ್ತು. ಮಾರಿದವನ ಬಾಯಿಂದಲೇ ಸುಳ್ಳನ್ನು ಹೊರಡಿಸಿ, ನಾಲ್ಕು ಜನರೆದುರು ನಿಲ್ಲಿಸಿ ಕೇಳಬೇಕೆಂದು ಅವಳು ಬಂದಿದ್ದಳು.

“ಕೂದಲು ಬೆಳೆಯುವ ಹಸಿರು ಎಣ್ಣೆ ಉಂಟಾ?”

ಅಂಗಡಿಯ ಧರ್ಣಪ್ಪ ತಲೆಯೆತ್ತಿದ. ಮೂವತ್ತು ದಾಟದ ಮುಖ. ಕಣ್ಣು ಮಾತ್ರ ನಿದ್ದೆಗೆಟ್ಟ ಮುದುಕನದು.

“ಅದನ್ನು ನಾನು ಮಾರುವುದಿಲ್ಲ ಟೀಚರೇ.”

“ಯಾಕೆ, ಮುಗಿಯಿತಾ?”

“ಹನ್ನೊಂದು ಬಾಟಲಿ ಇತ್ತು. ಎಲ್ಲ ಚರಂಡಿಗೆ ಸುರಿದೆ.” ಅವನು ಕೈಯ ಬಟ್ಟೆಯನ್ನು ಕೆಳಗಿಟ್ಟ. “ವಿಷಮಶೀತ ಜ್ವರದಿಂದ ಎದ್ದ ಒಬ್ಬರು ಬಂದಿದ್ದರು, ಕೂದಲು ಉದುರ್ತದೆ ಅಂತ. ಒಂದು ತಿಂಗಳಲ್ಲಿ ಮೊಣಕಾಲಿಗೆ ಬರ್ತದೆ ಅಂತ ಹೇಳಿ ಕೊಟ್ಟೆ. ಎರಡನೇ ಸಲ ತಲೆಗೆ ಸೆರಗು ಹೊದ್ದು ಬಂದರು. ನೆತ್ತಿ ತುಂಬ ಗುಳ್ಳೆ. ಮೂರನೇ ಸಲ ಬರಲೇ ಇಲ್ಲ.”

ಪದ್ಮಾಕ್ಷಿ ಭಾಷಣವನ್ನು ಅಲ್ಲೇ ಬಿಟ್ಟಳು. “ಅವಳು ನನ್ನ ಅಕ್ಕ” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಜ್ವರದಲ್ಲಿ ಉದುರಿದ ಕೂದಲು ಕಾಲಾಂತರದಲ್ಲಿ ತಾನೇ ಬರುತ್ತದೆಂದು ಕಾವೇರಿಗೆ ಯಾರೂ ಹೇಳಲಿಲ್ಲ. ಹೆಣ್ಣು ನೋಡಲು ಬಂದವರು ಅವಳ ತಲೆ ನೋಡಿ ಎದ್ದುಹೋದರು. ಜ್ವರ ಮರುಕಳಿಸಿದಾಗ, “ಆಸ್ಪತ್ರೆಯಲ್ಲಿ ಸೆರಗು ತೆಗೆಸ್ತಾರೆ” ಎಂದು ಹಟ ಹಿಡಿದು ಅವಳು ಚಾಪೆಯಿಂದ ಏಳಲೇ ಇಲ್ಲ. ಅವಳನ್ನು ಕೊಂದದ್ದು ಜ್ವರವೆಂದು ಊರು ಹೇಳಿತು. ಅಲ್ಲ, ಕೊಂದದ್ದು ನಾಚಿಕೆ. ಹೆಣ್ಣಿನ ಯೋಗ್ಯತೆಯನ್ನು ಜಡೆಯ ಉದ್ದದಿಂದ ಅಳೆಯುವವರು ಅವಳ ತಲೆಯ ಮೇಲೆ ಹೊರಿಸಿದ ನಾಚಿಕೆ.

ಅಕ್ಕ ಹೋದಂದಿನಿಂದ ಪದ್ಮಾಕ್ಷಿ ಪ್ರತಿ ಬೆಳಿಗ್ಗೆ ಮಿಂದು ಬಂದು ಅಕ್ಕನ ಕೆಂಪು ಬಾಚಣಿಗೆಯಲ್ಲೇ ತಲೆ ಬಾಚುತ್ತಿದ್ದಳು. ಹಿಡಿ ಹಿಡಿಯಾಗಿ ಕೂದಲು ಕಿತ್ತು ಬರುತ್ತಿತ್ತು. ಕತ್ತಿನ ಹಿಂದೆ ತಣ್ಣನೆಯ ಉಸಿರು. ಕನ್ನಡಿಯ ಅಂಚಿನಲ್ಲಿ ಯಾರೋ ಸರಿದಂತೆ. “ಅಲ್ಲಾಡಬೇಡ ಮಾರಾಯ್ತಿ” ಎಂದು ಅಕ್ಕ ಗದರುತ್ತಿದ್ದ ದನಿ.

“ಅವಳ ಕುಲೆ ಕೂದಲು ಕೇಳ್ತಾ ಉಂಟು. ಮದುವೆಯಾಗದೆ ಹೋದವಳಲ್ಲವಾ” ಎನ್ನುತ್ತಿದ್ದಳು ತಾಯಿ ಸೇಸಮ್ಮ.

ಕುಲೆ, ದೆವ್ವ, ಭೂತಗಳಿಲ್ಲವೆಂದು ತರಗತಿಯಲ್ಲಿ ಬೋಧಿಸುವ ಟೀಚರ್, ಉದುರಿದ ಕೂದಲನ್ನೆಲ್ಲ ಉಂಡೆ ಮಾಡಿ ಅಕ್ಕನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಅದು ನಿಲ್ಲಬಾರದೆಂಬುದೇ ಅವಳ ಗುಟ್ಟಿನ ಆಸೆಯಾಗಿತ್ತು. ಉದುರುವಷ್ಟು ದಿನ ಅಕ್ಕ ಮನೆಯಲ್ಲಿದ್ದಾಳೆ.

ಆ ಅಂಗಡಿಗೆ ಅವಳು ಮತ್ತೆ ಹೋಗಬಾರದಿತ್ತು. ಹೋದಳು, ಸೀಗೆಕಾಯಿಯ ನೆಪದಲ್ಲಿ.

“ಸೀಗೆಕಾಯಿ ಯಾಕೆ? ದಾಸವಾಳದ ಎಲೆ ಕಿವುಚಿ, ಲೋಳೆ ಲೋಳೆ ಗೊಂಪು ಮಾಡಿ ತೊಳೆಯಿರಿ. ಎಲ್ಲರ ಬೇಲಿಯಲ್ಲೂ ಉಂಟಲ್ಲ” ಎಂದ ಧರ್ಣಪ್ಪ.

“ಹೀಗೆ ಹೇಳಿದರೆ ನಿಮ್ಮ ವ್ಯಾಪಾರ ನಡೆದ ಹಾಗೆಯೇ!”

“ನಡೆಯುವುದಿಲ್ಲ. ಕೂದಲು ಗುಂಗುರು ಮಾಡುವ ಕಬ್ಬಿಣದ ಇಕ್ಕಳ ಅಂತ ತಂದವನನ್ನು ನಿನ್ನೆ ಓಡಿಸಿದೆ. ಕೆಂಡದಲ್ಲಿ ಕಾಯಿಸಿದ್ದನ್ನು ತಲೆಗೆ ಹಿಡಿಯುವುದಂತೆ! ತಲೆಯಾ ಅದು, ಹಪ್ಪಳವಾ?”

ಪದ್ಮಾಕ್ಷಿ ನಕ್ಕಳು; ನಕ್ಕೆನಲ್ಲ ಎಂದು ಬೆಚ್ಚಿದಳು. ಅವನು ಧೂಳಿಲ್ಲದ ಒಂದೇ ಡಬ್ಬಿಯನ್ನು ಮೂರು ಸಲ ಒರೆಸಿದ್ದನ್ನು ಗೋಡೆಯ ಕನ್ನಡಿಯಲ್ಲಿ ಕಂಡಳು. ಕನ್ನಡಿಯಲ್ಲೇ ಅವನೂ ಅವಳನ್ನು ಕಂಡ. ಇಬ್ಬರೂ ಒಟ್ಟಿಗೆ ಕಣ್ಣು ಕೆಳಗಿಳಿಸಿದರು.

“ನನ್ನದೂ ಹಿಡಿ ಹಿಡಿಯಾಗಿ ಉದುರ್ತದೆ” ಎಂದಳು ಅವಳು.

“ಬಾಚುವುದು ಯಾವುದರಲ್ಲಿ?” ಎಂದ ಅವನು.

ಅವಳು ಚೀಲದಿಂದ ಕೆಂಪು ಬಾಚಣಿಗೆ ತೆಗೆದಳು. ಅವನು ಹಲ್ಲುಗಳ ಮೇಲೆ ಉಗುರಾಡಿಸಿದ.

“ಹಲ್ಲೆಲ್ಲ ಸೀಳಿ ಗರಗಸದ ಹಾಗೆ ಆಗಿದೆ. ಒದ್ದೆ ಕೂದಲನ್ನು ಇದರಲ್ಲಿ ಎಳೆಯುವುದಾ?” ಸಿಕ್ಕಿದ್ದ ಎಳೆಗಳನ್ನು ಬೆಳಕಿಗೆ ಹಿಡಿದ. “ನೋಡಿ, ಒಂದಕ್ಕೂ ಬುಡ ಇಲ್ಲ. ಉದುರುವುದಲ್ಲ ಟೀಚರೇ, ನಡುವೆ ತುಂಡಾಗುವುದು.”

“ತುಂಡಾಗುವುದಲ್ಲ! ಅಕ್ಕ ತೆಗೆದುಕೊಳ್ಳುವುದು!”

ಬಾಚಣಿಗೆ ಕಿತ್ತುಕೊಂಡು ಬೀದಿಗಿಳಿದ ಮೇಲೆಯೇ ತಾನು ಏನೆಂದೆನೆಂದು ಅವಳಿಗೆ ಕೇಳಿಸಿದ್ದು.

ಮಳೆಗಾಲದ ಆಟಿ ತಿಂಗಳಲ್ಲಿ ಕುಲೆ ಮದುವೆ ನಿಶ್ಚಯವಾಯಿತು. ಮದುವೆಯಾಗದೆ ಸತ್ತವಳಿಗೆ, ಹಾಗೆಯೇ ಸತ್ತ ಕನ್ಯಾನದ ಕಡೆಯ ವರನೊಬ್ಬನನ್ನು ಸೇಸಮ್ಮ ಹುಡುಕಿಸಿದ್ದಳು. ಮಣೆಯ ಮೇಲೆ ಮದುಮಗಳಿಗೆ ಸೀರೆ, ಬಳೆ, ಕನ್ನಡಿ, ಬಾಚಣಿಗೆ ಇಡಬೇಕು.

“ಅಕ್ಕನಿಗೆ ಮದುವೆ. ಹಲ್ಲು ಸರಿ ಇರುವ ಬಾಚಣಿಗೆ ಬೇಕು” ಎಂದಳು ಪದ್ಮಾಕ್ಷಿ ಅಂಗಡಿಗೆ ಬಂದು, ಕಣ್ಣೆತ್ತದೆ.

ಧರ್ಣಪ್ಪ ಬಾಚಣಿಗೆಗಳ ಡಬ್ಬಿಯನ್ನು ತೆರೆದು ನೋಡಿ ಮುಚ್ಚಿದ. “ನಾನೇ ಮಾಡಿ ತರ್ತೇನೆ.”

“ತಂದರೆ ಬಾಟಲಿಯ ಸಂಗತಿ ಅಮ್ಮನಿಗೆ ನೀವೇ ಹೇಳಬೇಕು. ನಾನು ಹೇಳಿಲ್ಲ.”

“ಕೇಳಿ ಹೊರಗೆ ಹಾಕಿದರೆ?”

“ನನಗೂ ಅದೇ ಹೆದರಿಕೆ” ಎಂದಳು. ಅಷ್ಟರಲ್ಲೇ ಎಲ್ಲ ಹೇಳಿದಂತಾಗಿ ಅವಳ ಕಿವಿ ಕೆಂಪಾಯಿತು.

ಸಿದ್ದಕಟ್ಟೆಯ ಮನೆಯ ಜಗಲಿಯಲ್ಲಿ ಸೇಸಮ್ಮ ಬೆಲ್ಲ ನೀರು ತಂದಿಟ್ಟಳು. ಧರ್ಣಪ್ಪ ಮುಟ್ಟಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ.

“ಬಾಟಲಿಯಲ್ಲಿ ಹಾಗೆ ಬರೆದಿತ್ತು ಅಂತ ತಪ್ಪಿಸಿಕೊಳ್ಳುವುದಿಲ್ಲ. ಹೇಳಿದ್ದು ನನ್ನ ಬಾಯಿ.”

ಸೇಸಮ್ಮ ಕಂಬಕ್ಕೊರಗಿ ಕುಳಿತಳು. ಬೆಲ್ಲಕ್ಕೆ ಇರುವೆ ಹತ್ತಿತು. ಪದ್ಮಾಕ್ಷಿ ಬಾಗಿಲ ಹಿಂದೆ ನಿಂತಿದ್ದಳು.

“ಅವಳ ತಲೆ ನೋಡಿ ಎದ್ದುಹೋದವರಲ್ಲಿ ಒಬ್ಬನೂ ಈ ಮೆಟ್ಟಿಲು ತಿರುಗಿ ಹತ್ತಲಿಲ್ಲ,” ಎಂದಳು ಸೇಸಮ್ಮ ಕೊನೆಗೆ. “ನೀನು ಬಂದೆ.” ಇರುವೆ ಒರೆಸಿ ಬೆಲ್ಲವನ್ನು ಅವನತ್ತ ಸರಿಸಿದಳು. “ತಿನ್ನು ಮಗ.”

ಅವನು ಒಂದೇ ಬೀಟೆ ಮರದ ತುಂಡಿನಿಂದ ಎರಡು ಬಾಚಣಿಗೆ ಮಾಡಿ ತಂದಿದ್ದ. ಮದುವೆಯ ದಿನ ಒಂದು ಮದುಮಗಳ ಮಣೆಗೆ ಹೋಯಿತು. ಅದರ ಪಕ್ಕದಲ್ಲಿ ಪದ್ಮಾಕ್ಷಿ ಕೆಂಪು ಬಾಚಣಿಗೆಯನ್ನು ಇಟ್ಟಳು. ಬೆರಳು ಬಿಡಲೊಲ್ಲದು. “ಹೋಗಿ ಬಾ ಅಕ್ಕಾ” ಎಂದು ಒಂದೊಂದಾಗಿ ಬಿಡಿಸಿಕೊಂಡಳು.

ಮರುದಿನ ಕೂದಲು ಒಣಗಿಸಿ, ಹೊಸ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಾಚಿದಳು. ಮೂರೇ ಎಳೆ. ಮೂರಕ್ಕೂ ಬುಡವಿತ್ತು. ಕತ್ತಿನ ಹಿಂದೆ ಉಸಿರಿರಲಿಲ್ಲ. ಅವಳು ಕನ್ನಡಿಯೆದುರು ಬಿಕ್ಕಿ ಬಿಕ್ಕಿ ಅತ್ತಳು.

“ಮೂರೇ ಎಳೆ” ಎಂದಳು, ಸೋಮವಾರ ಅಂಗಡಿಯಲ್ಲಿ.

“ಒಳ್ಳೆಯದಲ್ಲವಾ?”

“ಕನ್ನಡಿಯಲ್ಲಿ ನಾನೊಬ್ಬಳೇ ಇದ್ದೆ.”

ಅವನ ಕೈಯ ಬಟ್ಟೆ ನಿಂತಿತು. “ನನ್ನ ಮನೆಯಲ್ಲಿಯೂ ಒಂದು ಕನ್ನಡಿ ಉಂಟು. ಎದುರು ನಿಲ್ಲುವವರು ಇಲ್ಲ.”

ಪದ್ಮಾಕ್ಷಿ ಟೀಚರ್ ಅವನನ್ನು ನೇರವಾಗಿ ನೋಡಿದಳು. “ಬರ್ತೇನೆ. ಆದರೆ ಸುಖ ಒಂದು ತಿಂಗಳಲ್ಲಿ ಮೊಣಕಾಲಿಗೆ ಬರ್ತದೆ ಅಂತ ಮಾತ್ರ ಹೇಳಬೇಡಿ.”

“ಇಲ್ಲ,” ಎಂದ ಧರ್ಣಪ್ಪ. “ನಿಧಾನಕ್ಕೆ, ತುದಿಯಿಂದ ಸಿಕ್ಕು ಬಿಡಿಸಿಕೊಂಡು ಹೋಗುವ.”